ಚಪ್ಪರ ಕಟ್ಟಿದ ಚಿತ್ರಕಾರ
(ಉಪಾಧ್ಯಾಯರ ಕೂಟವೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಚಿತ್ರಕಲೆಯನ್ನು ಕುರಿತು ಮಾತನಾಡಲು ವಕೀಲನಿಗೆ ಏನು ಅಧಿಕಾರವೆಂದು ತಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಅಧಿಕಾರವಿಲ್ಲ; ಆದರೆ ಒಂದು ತಕರಾರಿದೆ. ಚಿತ್ರಕಾರನೆಂದರೆ ಶ್ರೀಮಂತರ ದಿವಾಣಖಾನೆಯ ಗೋಡೆಗೆ ಪಟವನ್ನು ಒದಗಿಸುವವನು. ಶಾಲೆಯ ಡ್ರಾಯಿಂಗ್ ತಾಸೆಂದರೆ ಮಿಕ್ಕ ಪಾಠಗಳೆಲ್ಲ ಮುಗಿದ ಮೇಲೆ ಉಳಿದ ಹೊತ್ತು. ಹೀಗೊಂದು ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಈ ಭಾವನೆಯ ಮೇಲೆ ನಾನು ಹೂಡಿರುವ ದಾವೆಗೆ ಒಬ್ಬರೇ ಸಾಕ್ಷಿ ಸಾಕು. ಅವರು ನಂದಲಾಲ ಬೋಸರು.

ಇವರು ಹುಟ್ಟಿದ್ದು 1882ರ ದಶಂಬರ 3ರಂದು, ಬಿಹಾರ ಪ್ರಾಂತದ ಮುಂಗೇರ ಸೀಮೆಯ ಖರಗಪುರದಲ್ಲಿ. ಕಲಕತ್ತೆಯ ಸರಕಾರೀ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಆ ಗುರುವಿನ ಒಂದು ಪ್ರಸಂಗವನ್ನು ತಾವು ಕೇಳಲೇಬೇಕು. ನಂದಲಾಲರು ತಪಸ್ವಿನಿ ಉಮೆಯ ಚಿತ್ರವೊಂದನ್ನು ಬರೆದು ತಂದರು. ಬಣ್ಣ ಸಾಲದು, ಉಮೆಯನ್ನು ಸ್ವಲ್ಪ ಸಿಂಗರಿಸು ಎಂದು ಗುರುಗಳು ಹೇಳಿ ಕಳುಹಿದರು. ರಾತ್ರಿಯೆಲ್ಲ ಅವರಿಗೆ ನಿದ್ರೆಯಿಲ್ಲ. ತಪಸ್ಸಿಗೆ ನಿಂತವಳಿಗೆ ಸಿಂಗಾರವೆಲ್ಲಿಯದು? ಬೆಳಗಾಗುತ್ತಲೇ ಶಿಷ್ಯನಲ್ಲಿಗೆ ಧಾವಿಸಿ, ಕುಂಚವನ್ನು ಮುಟ್ಟಬೇಡವೆಂದು ತಡೆದರು. ಇದನ್ನು ಅವನೀಂದ್ರರು ತಾವೇ ಹೇಳಿಕೊಂಡಿದ್ದಾರೆ. ತಿದ್ದುವ ಕೆಂಪು ಮಸಿಯನ್ನು ಕೈಯಲ್ಲಿ ಹಿಡಿದು ಕುಳಿತವರು ನಾವೆಲ್ಲ; ಶಿಷ್ಯನ ಮನೆಗೆ ಓಡಿದ ಗುರುಗಳು ನಮ್ಮಲ್ಲಿ ಎಷ್ಟು ಮಂದಿ?

ಅದೇ ಗುರುಕುಲದಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರೆಂಬುದು ಕನ್ನಡಿಗರಾದ ನಮಗೆ ಅಭಿಮಾನದ ಸಂಗತಿ. ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆ ಅಜಂತೆಯ ಭಿತ್ತಿಚಿತ್ರಗಳನ್ನು ನಕಲು ಮಾಡಿಸುವುದಕ್ಕಾಗಿ ತರುಣ ಚಿತ್ರಕಾರರನ್ನು ಕರೆಸಿಕೊಂಡಾಗ ನಂದಲಾಲರೂ ವೆಂಕಟಪ್ಪನವರೂ ಆ ಗುಹೆಗಳಲ್ಲಿ ಕೆಲಸ ಮಾಡಿದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ-ಬೌದ್ಧ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿದ ಗ್ರಂಥವು 1913ರಲ್ಲಿ ಹೊರಬಂದಾಗ ಅದರ ಚಿತ್ರಗಳಲ್ಲಿ ಇವರಿಬ್ಬರ ಕೈಯೂ ಇತ್ತು. ಒಂದೇ ಪುಸ್ತಕಕ್ಕೆ ಹಲವು ಕೈಗಳು ದುಡಿದೂ ಒಂದೊಂದು ಕೈಯ ಗುರುತು ಅಳಿಯದಿರುವುದು ಸಣ್ಣ ಮಾತಲ್ಲ.

ಶಾಂತಿನಿಕೇತನದ ಕಲಾಭವನವನ್ನು 1922ರಿಂದ 1951ರ ವರೆಗೆ ನಡೆಸಿದವರು ನಂದಲಾಲರು. ಅಲ್ಲಿ ಅವರು ಕೈ ಹಾಕದ ಕೆಲಸವಿರಲಿಲ್ಲ. ರವೀಂದ್ರರ ನಾಟಕಗಳಿಗೆ ರಂಗಸಜ್ಜು, ಪಾತ್ರಧಾರಿಗಳಿಗೆ ಉಡಿಗೆ, ಉತ್ಸವಗಳಿಗೆ ರಂಗವಲ್ಲಿ, ಗೋಡೆಗಳಿಗೆ ಚಿತ್ತಾರ. ರವೀಂದ್ರರು ಬಂಗಾಲದ ಮಕ್ಕಳಿಗಾಗಿ 'ಸಹಜ ಪಾಠ'ವೆಂಬ ಬಾಲಬೋಧೆಯನ್ನು ಬರೆದರಷ್ಟೆ. 1930ರಲ್ಲಿ ಹೊರಬಂದ ಆ ಪುಸ್ತಕಕ್ಕೆ ಚಿತ್ರಗಳನ್ನು ಕೊರೆದವರು ಇವರೇ. ವಿಶ್ವಕವಿಯೊಬ್ಬ ಅ-ಆ ಬರೆಯಲು, ಮಹಾಚಿತ್ರಕಾರನೊಬ್ಬ ಅದಕ್ಕೆ ಅಚ್ಚು ಕೊರೆಯಲು ಕುಳಿತದ್ದು ತಮ್ಮ ಯೋಗ್ಯತೆಗೆ ಕಡಿಮೆಯೆಂದು ಇಬ್ಬರಿಗೂ ತೋರಲಿಲ್ಲ. ಅದೇ ವರ್ಷ ಗಾಂಧೀಜಿಯವರು ದಾಂಡಿಗೆ ನಡೆದರು. ಕರಿಯ ಹಿನ್ನೆಲೆಯಲ್ಲಿ ಬಿಳಿಯ ಗೆರೆಗಳು, ಕೈಯಲ್ಲಿ ಕೋಲು, ಮುಂದಿಟ್ಟ ಹೆಜ್ಜೆ: ಲಿನೋಲಿಯಂ ಹಲಗೆಯನ್ನು ಕೊರೆದು ತೆಗೆದ ಆ ಅಚ್ಚನ್ನು ನೋಡದವರಾರು? ಬರೆದವರ ಹೆಸರು ತಿಳಿಯದವರು ಮಾತ್ರ ಬಹಳ.

ಇನ್ನು ನನ್ನ ಸಾಕ್ಷಿಯ ಮುಖ್ಯ ಹೇಳಿಕೆಗೆ ಬರುತ್ತೇನೆ. 1936ರ ಕೊನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ಮೊದಲ ಸಲ ಹಳ್ಳಿಯಲ್ಲಿ, ಖಾನದೇಶದ ಫೈಜಪುರದಲ್ಲಿ ನೆರೆಯಿತು. ಅದರ ಅಲಂಕಾರದ ಹೊಣೆಯನ್ನು ಗಾಂಧೀಜಿ ನಂದಲಾಲರಿಗೆ ಒಪ್ಪಿಸಿದರು. ತಾನು ಚಿತ್ರಕಾರ, ಕಟ್ಟಡದ ವಿದ್ಯೆ ತನ್ನದಲ್ಲವೆಂದು ಅವರು ಹಿಂಜರಿದರು, ಗಾಂಧೀಜಿ ಬಿಡಲಿಲ್ಲ. ಬಿದಿರು, ಹುಲ್ಲು, ಚಾಪೆಗಳಂತಹ ಹಳ್ಳಿಯ ಸರಕಿನಿಂದಲೇ ಊರೊಂದು ಎದ್ದುನಿಂತಿತು.

ತರುವಾಯ 1938ರ ಫೆಬ್ರವರಿಯಲ್ಲಿ, ಗುಜರಾತಿನ ತಾಪೀ ನದಿಯ ದಂಡೆಯ ಹರಿಪುರದಲ್ಲಿ ಅಧಿವೇಶನ. ಸುಭಾಷಚಂದ್ರ ಬೋಸರು ಅಧ್ಯಕ್ಷರು. ದಾರಿಯಲ್ಲಿ ನಡೆದುಹೋಗುವ ಹಳ್ಳಿಗನಿಗೆ ಕಾಣುವಂತೆ ಚಿತ್ರಗಳಿರಬೇಕೆಂಬುದು ಗಾಂಧೀಜಿಯವರ ಅಪೇಕ್ಷೆ. ನಂದಲಾಲರು ಕೈಕಾಗದವನ್ನು ರಟ್ಟಿಗೆ ಅಂಟಿಸಿ, ಕೆಮ್ಮಣ್ಣು, ಹಳದಿ ಮಣ್ಣು, ಬಿಳಿ ಸುದ್ದೆ, ದೀಪದ ಮಸಿ ಮೊದಲಾದ ಬಣ್ಣಗಳಲ್ಲಿ ಎಂಬತ್ತಕ್ಕೂ ಮಿಕ್ಕಿ ಚಿತ್ರಗಳನ್ನು ಬರೆದರು. ಶಿಷ್ಯರು ಅವುಗಳ ನಕಲುಗಳನ್ನು ಇಳಿಸಿದರು. ಎಲ್ಲ ಸೇರಿ ಸುಮಾರು ನಾನೂರಾದವು. ಒಂದೊಂದೂ ಎರಡಡಿಯ ಆಸುಪಾಸು. ಮೇಲೊಂದು ಕಮಾನು, ಕಮಾನಿನ ಒಳಗೆ ಡೋಲು ಬಾರಿಸುವವನು, ಸಿಂಪಿಗ, ಕುಂಬಾರ, ಬತ್ತ ಕುಟ್ಟುವ ಹೆಂಗಸು, ಎತ್ತು ಹಿಡಿದವನು, ಜಟ್ಟಿ, ಕೂಸನ್ನೆತ್ತಿಕೊಂಡ ತಾಯಿ. ಗೆರೆಗಳಲ್ಲಿ ಬಂಗಾಲದ ಪಟ ಬರೆಯುವ ಕಸುಬಿನವರ ಬಿರುಸು. ಒಮ್ಮೆ ಎಳೆದ ಗೆರೆಯನ್ನು ಮತ್ತೆ ತೀಡುವ ಗೊಡವೆಯಿಲ್ಲ.

ಮಹನೀಯರೇ, ರಾಜಕೀಯ ಸಭೆಗಾಗಿ ಬರೆದ ಈ ಚಿತ್ರಗಳಲ್ಲಿ ಘೋಷಣೆಗಳಿಲ್ಲ. ವೇದಿಕೆಯ ಮೇಲಿನವರನ್ನು ಹೊಗಳುವ ಪಟಗಳಿವಲ್ಲ. ಸಭೆಗೆ ಬಂದ ರೈತನು ಹೆಬ್ಬಾಗಿಲಲ್ಲಿ ಕಂಡದ್ದು ತನ್ನನ್ನೇ. ಕೆಲಸವನ್ನು ಒಪ್ಪಿಸಿದವರು ಕಾಂಗ್ರೆಸ್ಸಿನವರು. ಏನನ್ನು ಬರೆಯಬೇಕು, ಹೇಗೆ ಬರೆಯಬೇಕೆಂಬುದನ್ನು ನಿಶ್ಚಯಿಸಿದವರು ಚಿತ್ರಕಾರರು. ಸ್ವತಂತ್ರ ಕಲಾವಿದನೆಂದರೆ ಯಾರ ಕೆಲಸವನ್ನೂ ಒಪ್ಪಿಕೊಳ್ಳದವನೆಂಬ ವಾದ ಈಗ ಬಳಕೆಯಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಕಕ್ಷಿಗಾರನಿಲ್ಲದ ವಕೀಲನನ್ನು ಸ್ವತಂತ್ರನೆನ್ನುವುದುಂಟೆ? ಒಪ್ಪಿಕೊಂಡ ಕೆಲಸದಲ್ಲಿ ತನ್ನ ವಿವೇಕವನ್ನು ಒತ್ತೆಯಿಡದವನೇ ಸ್ವತಂತ್ರನು.

ಬಡೋದೆಯ ಕೀರ್ತಿಮಂದಿರದ ಭಿತ್ತಿಚಿತ್ರಗಳ ಮಾತನ್ನು ಹೊತ್ತು ಸಾಲದೆಂದು ಬಿಡುತ್ತೇನೆ. ಕೊನೆಯ ದೊಡ್ಡ ಕೆಲಸ ನಮ್ಮ ಸಂವಿಧಾನದ ಕೈಬರಹದ ಪ್ರತಿ. ನಾವು ಕೋರ್ಟಿನಲ್ಲಿ ಬಳಸುವ ಅಚ್ಚಿನ ಪುಸ್ತಕದಲ್ಲಿ ಕಲಮುಗಳುಂಟು, ಚಿತ್ರಗಳಿಲ್ಲ. 1950ರ ಜನವರಿ 24ರಂದು ಸಭಾಸದರು ಸಹಿ ಹಾಕಿದ ಪ್ರತಿಯಲ್ಲಾದರೋ ಭಾಗಭಾಗದ ತಲೆಯಲ್ಲಿ ನಂದಲಾಲರೂ ಅವರ ಶಿಷ್ಯರೂ ಸೇರಿ ರಚಿಸಿದ ಚಿತ್ರಗಳಿವೆ. ಮೊದಲಲ್ಲಿ ಮೊಹೆಂಜೊದಾರೊ ಮುದ್ರೆಯ ಗೂಳಿ; ಮೂಲಭೂತ ಹಕ್ಕುಗಳ ಮೇಲೆ ರಾಮಾಯಣದ ದೃಶ್ಯ; ನಿರ್ದೇಶಕ ತತ್ತ್ವಗಳ ಮೇಲೆ ಕೃಷ್ಣಾರ್ಜುನರು. ಮುಂದೆ ಬುದ್ಧ, ಮಹಾವೀರ, ಅಶೋಕ, ಅಕಬರ. ಒಂದು ಪುಟದಲ್ಲಿ ಝಾಂಸಿಯ ರಾಣಿಯ ಜತೆಯಲ್ಲಿ ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ. ದಾಂಡಿಯ ಗಾಂಧೀಜಿ ಇಲ್ಲಿಯೂ ನಡೆಯುತ್ತಿದ್ದಾರೆ.

ಈ ಪ್ರತಿಯ ಇಂಗ್ಲಿಷ್ ಅಕ್ಷರಗಳನ್ನು ಬರೆದವರು ದಿಲ್ಲಿಯ ಪ್ರೇಮಬಿಹಾರಿ ನಾರಾಯಣ ರಾಯಜಾದಾ. ಕೂಲಿಯೆಷ್ಟೆಂದು ಕೇಳಿದಾಗ ಅವರು ಹಣ ಬೇಡವೆಂದರಂತೆ. ಪುಟಪುಟದಲ್ಲಿ ತನ್ನ ಹೆಸರು, ಕೊನೆಯ ಪುಟದಲ್ಲಿ ತನ್ನ ಹೆಸರಿನೊಡನೆ ತನ್ನನ್ನು ಸಾಕಿದ ಅಜ್ಜನ ಹೆಸರು, ಇಷ್ಟೇ ಅವರ ಬೇಡಿಕೆ. ಪ್ರಸ್ತಾವನೆಯ ಪುಟದ ಅಂಚನ್ನು ರಚಿಸಿದವರು ಜಬಲಪುರದ ಬಿಯೋಹಾರ ರಾಮಮನೋಹರ ಸಿನ್ಹಾ ಎಂಬ ಶಿಷ್ಯರು. ಚಿತ್ತಾರದ ಬಲಗಡೆಯ ಕೆಳಮೂಲೆಯಲ್ಲಿ 'ರಾಮ' ಎಂಬ ಅವರ ಪುಟ್ಟ ಸಹಿ ಕಣ್ಣಿಟ್ಟು ನೋಡಿದವರಿಗೆ ಸಿಕ್ಕುತ್ತದೆ. ದೇಶದ ಅತ್ಯುನ್ನತ ದಸ್ತೈವಜಿನ ಮೊದಲ ಪುಟವನ್ನು ಶಿಷ್ಯನ ಕೈಗೆ ಬಿಟ್ಟು ಅವನ ಸಹಿಯನ್ನೂ ಉಳಿಸಿದ ಗುರುವಿಗೆ ಉಮೆಯ ಚಿತ್ರದ ಆ ಬೆಳಗು ನೆನಪಿದ್ದಿರಬೇಕೆಂದು ನನ್ನ ಊಹೆ.

1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯಿದೆಯ ಮೇರೆಗೆ ನಂದಲಾಲರ ಕೃತಿಗಳು 1976ರಲ್ಲಿ ರಾಷ್ಟ್ರದ ಕಲಾನಿಧಿಯೆಂದು ಸಾರಲ್ಪಟ್ಟವು; ಈಗ ಅವನ್ನು ಮಾರಾಟಕ್ಕಾಗಿ ದೇಶದ ಹೊರಗೆ ಒಯ್ಯುವಂತಿಲ್ಲ. ಅಧಿವೇಶನದ ನಾಲ್ಕು ದಿನಗಳಿಗೆಂದು ರಟ್ಟಿನ ಮೇಲೆ ಬರೆದ ಹರಿಪುರದ ಚಿತ್ರಗಳಿಗೂ ಇಂದು ಕಾಯಿದೆಯ ಕಾವಲಿದೆ. 2019ರಲ್ಲಿ ಅವುಗಳಲ್ಲಿ ಕೆಲವು ಇಟಲಿಯ ವೆನಿಸ್ಸಿನ ಪ್ರದರ್ಶನಕ್ಕೂ ಹೋಗಿಬಂದವು.

ಉಪಾಧ್ಯಾಯರಲ್ಲಿ ಒಂದೇ ಅರಿಕೆ. ಬಣ್ಣದ ಪೆಟ್ಟಿಗೆಗೆ ಹಣ ಮಂಜೂರಾಗಲಿಲ್ಲವೆಂದು ಡ್ರಾಯಿಂಗ್ ತಾಸನ್ನು ಗಣಿತಕ್ಕೆ ಕೊಟ್ಟುಬಿಡಬೇಡಿರಿ. ಕೆಮ್ಮಣ್ಣು ಹೊಲದ ಬದುವಿನಲ್ಲಿದೆ, ಸುಣ್ಣ ಮನೆಯಲ್ಲಿದೆ, ಮಸಿ ದೀಪದ ಕುಡಿಯಲ್ಲಿದೆ. ಅಂಟಿಗೆ ಬೇವಿನ ಗೋಂದು ಸಾಕು. ಮುಂದಿನ ಶಾಲಾ ಉತ್ಸವಕ್ಕೆ ಬಣ್ಣದ ಕಾಗದದ ತೋರಣವನ್ನು ಪೇಟೆಯಿಂದ ತರಿಸುವ ಮೊದಲು ಮಕ್ಕಳ ಕೈಗೆ ಹಳೆಯ ರಟ್ಟುಗಳನ್ನು ಕೊಟ್ಟು, ತಮ್ಮ ಓಣಿಯ ಕಂಬಾರನನ್ನು, ಹೂವಾಡಗಿತ್ತಿಯನ್ನು ಬರೆಯಿರೆಂದು ಹೇಳಿರಿ. ಬರೆದ ಮಗುವಿನ ಹೆಸರನ್ನು ಮೂಲೆಯಲ್ಲಿ ಹಾಕಿಸುವುದನ್ನು ಮರೆಯಬೇಡಿರಿ.