ಇಂಗ್ಲಿಷ್ ಪದಸಂಪತ್ತಿಗೆ ಕನ್ನಡದ ದಾರಿ

(ಶತಮಾನೋತ್ಸವ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ಸಂತಸದ ಹೊತ್ತಿನಲ್ಲಿ ನಮ್ಮ ತಪ್ಪೊಂದನ್ನು ನೆನೆಯಲು ಅಪ್ಪಣೆ ಬೇಡುತ್ತೇವೆ. ಕುರಿಚಿಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬೆಳೆಯುತ್ತಾರೆ. ಕೊಯಮತ್ತೂರಿನ ಕಾಲೇಜಿಗೆ ಕಾಲಿಟ್ಟೊಡನೆ ಇಂಗ್ಲಿಷ್ ಎದುರಾಗುತ್ತದೆ. "ಕನ್ನಡ ಶಾಲೆಯಲ್ಲಿ ಓದಿದರೆ ಇಂಗ್ಲಿಷ್ ಬರುವುದೇ?" ಎಂದು ಪ್ರತಿವರ್ಷವೂ ಪೋಷಕರು ಕೇಳುತ್ತಾರೆ. ಆ ಅಂಜಿಕೆಯಿಂದಲೇ ನಾವು ಒಂದು ಕಾಲಕ್ಕೆ ದಿನಕ್ಕೆ ಹತ್ತು ಕಠಿಣ ಪದಗಳನ್ನು ಕರಿಹಲಗೆಯ ಮೇಲೆ ಬರೆದು, ಎದುರಿಗೆ ಒಂದೊಂದು ಕನ್ನಡ ಅರ್ಥವನ್ನಿಟ್ಟು ಬಾಯಿಪಾಠ ಮಾಡಿಸಿದೆವು.

ಒಮ್ಮೆ 'ಅಬ್ಯಾಂಡನ್' ಎಂಬುದಕ್ಕೆ 'ಬಿಡು' ಎಂದು ಬರೆಸಿದ್ದೆವು. ತಾನು ಗುಡಿಯ ಬಾಗಿಲಲ್ಲಿ ಚಪ್ಪಲಿಗಳನ್ನು 'ಅಬ್ಯಾಂಡನ್' ಮಾಡಿದೆನೆಂದು ಎಂಟನೆಯ ತರಗತಿಯ ಬಾಲಕಿಯೊಬ್ಬಳು ವಾಕ್ಯ ರಚಿಸಿದಳು. ತರಗತಿ ನಕ್ಕಿತು, ನಾವೂ ನಕ್ಕೆವು. ಆ ವರ್ಷವೆಲ್ಲ ಆಕೆ ಮತ್ತೆ ಕೈಯೆತ್ತಲಿಲ್ಲ. ತಪ್ಪು ಆಕೆಯದಾಗಿರಲಿಲ್ಲ. ನಾವು ಚಪ್ಪಲಿ ಬಿಡುತ್ತೇವೆ, ಊರು ಬಿಡುತ್ತೇವೆ, ಕೆಲಸ ಬಿಡುತ್ತೇವೆ, ಚಟ ಬಿಡುತ್ತೇವೆ, ಕಟ್ಟಿದ ಹಸುವನ್ನು ಮೇಯಲು ಬಿಡುತ್ತೇವೆ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಪದಗಳುಂಟು. ಮರಳಿ ಬಾರದಂತೆ, ಹೊಣೆಯನ್ನೂ ಕಳಚಿಕೊಂಡು ತೊರೆದುಹೋಗುವುದಕ್ಕೆ 'ಅಬ್ಯಾಂಡನ್' ಸಲ್ಲುತ್ತದೆ. ಈ ಮಾತನ್ನು ನಾವು ಹೇಳಿರಲೇ ಇಲ್ಲ.

ಅಂದಿನಿಂದ ಹತ್ತು ಪದಗಳು ಎರಡಾದವು. ಪದದ ಜತೆಗೆ ಅದು ನಿಲ್ಲುವ ವಾಕ್ಯವನ್ನೂ ನೆರೆಹೊರೆಯ ಪದಗಳನ್ನೂ ಕಲಿಸತೊಡಗಿದೆವು. ಇದರಲ್ಲಿ ನಮಗೆ ಗುರು ಫರ್ಡಿನಾಂಡ್ ಕಿಟೆಲ್ ಅವರು. ಮಂಗಳೂರಿನಿಂದ 1894ರಲ್ಲಿ ಬಾಸೆಲ್ ಮಿಷನ್ ಹೊರತಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಪ್ರಯೋಗಗಳುಂಟು, ಗಾದೆಗಳುಂಟು, ತಮಿಳು ತೆಲುಗುಗಳ ಸೋದರ ಪದಗಳುಂಟು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾನಿಲಯ ಎಂಬುದು ತಮಿಳುನಾಡಿನ ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ.

ಇನ್ನೊಂದು ಸೌಕರ್ಯವೂ ನಮಗುಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಹಾಗಾಗಿ ದಂತವನ್ನು ಬಲ್ಲ ಮಗುವಿಗೆ 'ಡೆಂಟಲ್', ದಶವನ್ನು ಬಲ್ಲ ಮಗುವಿಗೆ 'ಡೆಸಿಮಲ್', ಪಾದವನ್ನು ಬಲ್ಲ ಮಗುವಿಗೆ 'ಪೆಡೆಸ್ಟ್ರಿಯನ್' ಅಪರಿಚಿತವಲ್ಲ. 'ಅಮೃತ'ದ ಪಕ್ಕದಲ್ಲಿ 'ಇಮ್ಮಾರ್ಟಲ್' ಬರೆದ ದಿನ ಮಕ್ಕಳ ಕಣ್ಣರಳಿದ್ದನ್ನು ನಾವು ಕಂಡಿದ್ದೇವೆ. ಆದರೆ ಈ ದಾರಿಯಲ್ಲಿ ಜಾರಿಕೆಯೂ ಇದೆ. ಹುಡುಗನೊಬ್ಬ 'ಒಂದು' ಮತ್ತು 'ಒನ್' ನೆಂಟರೆಂದು ಬರೆದು ತಂದ. ಅಲ್ಲ, ನಮ್ಮ 'ಒಂದು' ದ್ರಾವಿಡ ಪದ, ತಮಿಳಿನ 'ಒನ್ರು' ಅದರ ಒಡಹುಟ್ಟು. ದ್ರಾವಿಡ ಭಾಷೆಗಳದು ಬೇರೆಯೇ ಕುಲವೆಂದು ಎಲ್ಲಿಸ್ ಅವರು ಮದರಾಸಿನಲ್ಲಿ 1816ರಷ್ಟು ಹಿಂದೆಯೇ ತೋರಿಸಿದ್ದರು. ಮೂಲ ತಿಳಿದರೂ ಬಳಕೆ ತಿಳಿಯಬೇಕು: ನೀರಸವಾದ ಬರವಣಿಗೆಯನ್ನೂ ಇಂಗ್ಲಿಷರು 'ಪೆಡೆಸ್ಟ್ರಿಯನ್' ಎನ್ನುತ್ತಾರೆ!

ಆ ಬಾಲಕಿ ಇಂದು ತಾಯಿಯಾಗಿ ಈ ಸಭೆಯಲ್ಲಿ ಕುಳಿತಿದ್ದಾಳೆ. ಮಗಳನ್ನು ಈ ವರ್ಷ ನಮ್ಮಲ್ಲಿಗೇ ಸೇರಿಸಿದ್ದಾಳೆ. ಸೇರಿಸಲು ಬಂದ ದಿನ ಚಪ್ಪಲಿಯ ಮಾತನ್ನು ಆಕೆಯೇ ಎತ್ತಿದಳು. ನಾವು ಕ್ಷಮೆ ಕೇಳಿದೆವು. "ಅದಿರಲಿ ಟೀಚರ್, ಇವಳಿಗೆ ನಿಘಂಟು ಯಾವಾಗ ಕೊಡಿಸಲಿ?" ಎಂದಳು. ನಾಲ್ಕನೆಯ ತರಗತಿಗೆ ಬರಲಿ ಎಂದಿದ್ದೇವೆ.