ಕೈಗೂ ಬಾಯಿಗೂ ಒಂದೇ ಪರೀಕ್ಷೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಡಾಕ್ಟರಾದವನು ಆರೋಗ್ಯದ ಮೇಲೆ ಮಾತಾಡಲಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ನೀವು ಟಿ.ವಿ.ಯಲ್ಲಿ ಬೇಕಾದಷ್ಟು ಕೇಳಿದ್ದೀರಿ. ನಾನು ಸರ್ಜನ್‌ಗಳ ಪರೀಕ್ಷೆಯ ವಿಷಯ ಹೇಳುತ್ತೇನೆ.

ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ, ಕಬ್ಬು ಕಡಿಯುವಾಗ ಮಚ್ಚು ತಗುಲಿ ತೋರುಬೆರಳು ಕೊಯ್ದುಕೊಂಡ ರೈತರೊಬ್ಬರು ಬಂದರು. ಸಿರಿಂಜ್ ಕೈಯಲ್ಲಿ ಹಿಡಿದಿದ್ದೆ. "ಬೆಳ್ಳಿನ ತುದಿ ಯಾಕೋ ಮರಗಟ್ಟದಂಗೈತೆ ಸ್ವಾಮಿ" ಎಂದರು. "ಸುಮ್ನಿರಿ ಯಜಮಾನ್ರೇ, ಅಲ್ಲಾಡ್ಬೇಡಿ" ಎಂದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇಬಿಟ್ಟೆ. ಆಮೇಲೆ ಪರೀಕ್ಷಿಸುವುದೇನು ಉಳಿಯಿತು? ಐದು ಹೊಲಿಗೆ ಹಾಕಿದೆ. ಚೆನ್ನಾಗಿದೆ ಎಂದು ಹಿರಿಯ ಡಾಕ್ಟರೂ ಮೆಚ್ಚಿದರು. ಹೊಲಿಗೆ ಬಿಚ್ಚುವ ದಿನ ಗಾಯ ಮಾಯ್ದಿತ್ತು, ಬೆರಳ ತುದಿಗೆ ಸ್ಪರ್ಶ ಇರಲಿಲ್ಲ. ನರ ತುಂಡಾಗಿತ್ತು. "ನಾ ಅವತ್ತೇ ಅಂದಿದ್ನಲ್ಲ ಸ್ವಾಮಿ" ಎಂದರಷ್ಟೇ, ಬೈಯಲಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸಿದೆವು, ಸ್ಪರ್ಶ ಪೂರ್ತಿ ಮರಳಲಿಲ್ಲ.

ಅಂದು ಯಾರಾದರೂ ನನ್ನ ಹೊಲಿಗೆಗೆ ಅಂಕ ಹಾಕಿದ್ದರೆ ಪೂರ್ತಿ ಸಿಗುತ್ತಿತ್ತು. 1990ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ರಿಚರ್ಡ್ ರೆಝ್ನಿಕ್ ಮತ್ತು ಸಂಗಡಿಗರು ಕೈಚಳಕ ಅಳೆಯಲು ಒಳ್ಳೆಯ ಪರೀಕ್ಷೆಯನ್ನೇ ರೂಪಿಸಿದರು. ಮಾತಿಗೆ ಬೇರೆ ಕೋಣೆ, ಬೇರೆ ಪರೀಕ್ಷಕರು. ಇವೆರಡನ್ನೂ ಕೂಡಿಸಿದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರೋಜರ್ ನೀಬೋನ್ ಮತ್ತು ಅವರ ಜೊತೆಗಾರರು. 2002ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ರೋಗಿಯಂತೆ ನಟಿಸುವವರ ತೋಳಿಗೆ ಕೃತಕ ಚರ್ಮದ ತುಂಡು ಕಟ್ಟಿ ಬಟ್ಟೆ ಹೊದಿಸುತ್ತಾರೆ. ವಿದ್ಯಾರ್ಥಿ ಹೊಲಿಯುತ್ತಿರುವಾಗಲೇ ಆ 'ರೋಗಿ' ಹೆದರುತ್ತಾನೆ, ಪ್ರಶ್ನೆ ಕೇಳುತ್ತಾನೆ. ಕೊನೆಗೆ ಅವನ ಅಭಿಪ್ರಾಯವನ್ನೂ ಪಡೆಯುತ್ತಾರೆ.

ನನಗೇನೂ ಇದು ತೀರಾ ಹೊಸದೆನಿಸಲಿಲ್ಲ. ಇದೇ ಶಾಲೆಯ ಪ್ರಯೋಗಾಲಯದಲ್ಲಿ ನಮ್ಮ ಸೈನ್ಸ್ ಮೇಷ್ಟ್ರು "ಏನು ಮಾಡ್ತಿದ್ದೀಯ ಅಂತ ಹೇಳ್ತಾ ಮಾಡೋ" ಎಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು.

ನಮ್ಮ ದೇಶದಲ್ಲೂ 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನದ ಪಾಠ ಸೇರಿದೆ. ಈಗ ನಾನು ಕಲಿಸುವಲ್ಲಿ ಸ್ಪಂಜಿಗೆ ರೆಕ್ಸಿನ್ ಹೊದಿಸಿ, ಸೂಜಿ ಚುಚ್ಚದಂತೆ ಅಡಿಗೆ ಹಲಗೆ ಇಟ್ಟು, ನಿವೃತ್ತ ಅಟೆಂಡರ್ ಒಬ್ಬರ ಕೈಗೆ ಕಟ್ಟುತ್ತೇವೆ. "ಬೆರಳು ಮರಗಟ್ಟಿದೆ" ಎಂದು ಒಂದೇ ಸಲ, ಮೆಲ್ಲಗೆ ಹೇಳಬೇಕೆಂದು ಅವರಿಗೆ ತಾಕೀತು. ಕ್ಯಾಶುವಾಲ್ಟಿಯ ಗಲಾಟೆಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅಂದು ನನಗೆ ಬೇಕಾಗಿದ್ದುದು ಅರ್ಧ ನಿಮಿಷ. ಇನ್ನೊಂದು ಮಾತು: ಎರಡರ ಅಂಕ ಕೂಡಿಸಿ ಪಾಸು ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಕೂಡಿಸಿದರೆ ಅಂದಿನ ನಾನೂ ಪಾಸೇ.

ಹೋದ ಸಲ ಒಬ್ಬಳು ಹುಡುಗಿ ಸಿರಿಂಜ್ ಕೆಳಗಿಟ್ಟು, "ಯಾವ ಕಡೆ ಅಜ್ಜಾ? ಕಣ್ಮುಚ್ಚಿ, ನಾನು ಮುಟ್ಟಿದ್ದು ಗೊತ್ತಾಗ್ತದಾ ಹೇಳಿ" ಎಂದಳು. ಅವಳ ಹೊಲಿಗೆ ಮಾತ್ರ ಸೊಟ್ಟಗಿತ್ತು. ಅದಕ್ಕೆ ಮುಂದಿನ ತಿಂಗಳು ಮತ್ತೆ ಬಾ ಎಂದಿದ್ದೇನೆ.