ಮುಂದಿನ ಗಾಲಿಯ ಬೇರಿಂಗು

(ಡೊಂಬಿವಲಿಯಲ್ಲಿ ಸೇರಿದ ನಮ್ಮ ಕಾರ್ಮಿಕ ಬಂಧುಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲು, ಗಿರಣಿಗಳಲ್ಲಿ ದುಡಿಯುವವರ ಕೂಟದಲ್ಲಿ ಟ್ರಕ್ಕಿನ ಗಾಲಿಯ ಮಾತೇಕೆ ಎಂದು ಕೆಲವರು ಕೇಳಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ನಮ್ಮಲ್ಲಿ ಎರಡು ಉತ್ತರಗಳಿವೆ.

ಮೊದಲನೆಯದು, ಬೇರಿಂಗು ನಮಗಾರಿಗೂ ಅಪರಿಚಿತವಲ್ಲ. ಗಿರಣಿಯಲ್ಲಿ ದುಡಿದ ಹಿರಿಯರು ಎಣ್ಣೆಯಾರಿದ ಬೇರಿಂಗಿನ ದನಿಯನ್ನು ಸಾವಿರ ಕದಿರುಗಳ ಸದ್ದಿನ ನಡುವೆಯೂ ಗುರುತಿಸುತ್ತಿದ್ದರು. ಹೋಟೆಲಿನ ಅಡಿಗೆಮನೆಯಲ್ಲಿ ಹಿಟ್ಟು ರುಬ್ಬುವ ಗ್ರೈಂಡರು ಗೊರಗುಟ್ಟಿದರೆ ‘ಧಣಿ, ಬೇರಿಂಗು ಹೋಯಿತು’ ಎಂದು ಮೊದಲು ಹೇಳುವವನು ನಮ್ಮ ಹುಡುಗನೇ.

ಎರಡನೆಯದು, ನಮ್ಮ ಮಕ್ಕಳ ಅನ್ನದ ಪ್ರಶ್ನೆ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಅನಂತರ ಸಾವಿರಾರು ಮನೆಗಳ ದುಡಿಮೆಯ ದಾರಿ ಬದಲಾಯಿತು. ತಂದೆಯ ಹಿಂದೆ ಮಗನೂ ಗಿರಣಿಗೆ ಹೋಗುವ ಕಾಲ ಮುಗಿಯಿತು. 1989ರಲ್ಲಿ ನ್ಹಾವಾ ಶೇವಾದ ಬಂದರು ತೆರೆದ ಮೇಲಂತೂ ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಟ್ರಕ್ಕುಗಳ ಸಂಚಾರ ಬಹಳವಾಗಿ ಬೆಳೆಯಿತು. ಕಳಂಬೋಲಿ, ತಳೋಜೆ, ಶಿಳಫಾಟಾಗಳ ಗ್ಯಾರೇಜುಗಳಲ್ಲಿ ನಮ್ಮ ಹುಡುಗರೂ ಪಾನಾ ಹಿಡಿದಿದ್ದಾರೆ. ಆ ಕೆಲಸದಲ್ಲಿ ಅತ್ಯಂತ ಹೊಣೆಯದು ಯಾವುದೆಂದು ಕೇಳಿದರೆ, ಮುಂದಿನ ಗಾಲಿಯ ಹಬ್ ಮತ್ತು ಬೇರಿಂಗು ಬದಲಿಸುವುದು ಎಂದು ನಾವು ಹೇಳುತ್ತೇವೆ. ಎಂಜಿನು ಕೆಟ್ಟರೆ ಗಾಡಿ ನಿಲ್ಲುತ್ತದೆ. ಬೇರಿಂಗು ಒಡೆದರೆ ಗಾಲಿಯೇ ಕಳಚಿ ಹೋಗಬಹುದು; ಆಗ ಚಾಲಕ, ಕ್ಲೀನರ್ ಮಾತ್ರವಲ್ಲ, ದಾರಿಯಲ್ಲಿ ನಡೆಯುವವನ ಪ್ರಾಣಕ್ಕೂ ಸಂಚಕಾರ.

ನಮ್ಮ ಊರುಗಳಲ್ಲಿ ಎತ್ತಿನ ಗಾಡಿಗೆ ಕಡೆಗೀಲು ಎಂಬುದೊಂದಿತ್ತು. ಅಚ್ಚಿನ ತುದಿಯಲ್ಲಿ ಗಾಲಿ ಜಾರದಂತೆ ತಡೆಯುವ ಸಣ್ಣ ಕೀಲು. ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯನವರು ತಮ್ಮ ವಚನದಲ್ಲಿ ಆ ಕಡೆಗೀಲನ್ನು ನೆನೆದಿದ್ದಾರೆ. ಇಂದಿನ ಟ್ರಕ್ಕಿನಲ್ಲಿ ಕಡೆಗೀಲಿನ ಕೆಲಸವನ್ನು ನಟ್ಟು ಮಾಡುತ್ತದೆ, ಕೀಲೆಣ್ಣೆಯ ಕೆಲಸವನ್ನು ಗ್ರೀಸು ಮಾಡುತ್ತದೆ. ಮೊನಚು ರೋಲರುಗಳ ಬೇರಿಂಗಿಗೆ 1898ರಲ್ಲಿ ಪೇಟೆಂಟು ಪಡೆದ ಅಮೆರಿಕದ ಹೆನ್ರಿ ಟಿಮ್ಕೆನ್ ಕೂಡ ಕುದುರೆಗಾಡಿ ಮಾಡುವ ಕಸುಬಿನವನೇ. ಗಾಡಿ ತಿರುಗುವಾಗ ಭಾರವು ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಒತ್ತುತ್ತದೆ ಎಂಬುದನ್ನು ಅವನು ಕಂಡಿದ್ದ. ರೋಲರನ್ನು ಒಂದು ಕಡೆಗೆ ಸಣ್ಣದಾಗಿ ಮಾಡಿ ಓರೆಯಾಗಿ ಕೂರಿಸಿದರೆ ಎರಡೂ ಭಾರವನ್ನು ಅದು ಹೊರುತ್ತದೆ.

ನಾಲ್ಕು ಗಾಲಿಗೂ ಎಂಜಿನಿನ ಎಳೆತವಿರುವ ಗಾಡಿಗಳು ನಮ್ಮ ದೇಶಕ್ಕೆ ಹೆಚ್ಚಾಗಿ ಬಂದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆಗ ಕಲ್ಯಾಣದ ಬಳಿ ಸೈನ್ಯದ ದೊಡ್ಡ ಶಿಬಿರವಿತ್ತು. ದೇಶವಿಭಜನೆಯ ಮೇಲೆ ಅಲ್ಲಿ ಸಿಂಧಿ ನಿರಾಶ್ರಿತರು ನೆಲೆಸಿದರು. 1949ರಲ್ಲಿ ಅದಕ್ಕೆ ಉಲ್ಹಾಸನಗರ ಎಂದು ಹೆಸರಾಯಿತು. ಅದೇ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಇಂದು ಕಲ್ಲುಗಣಿ, ಕೆಸರುನೆಲ, ನೆರೆ ಪರಿಹಾರ ಎಲ್ಲಕ್ಕೂ ಈ ಜಾತಿಯ ಗಾಡಿಗಳು ಬೇಕು.

ಇವುಗಳ ಮುಂದಿನ ಗಾಲಿಗೆ ಎರಡು ಕೆಲಸ. ದಾರಿಗೆ ತಕ್ಕಂತೆ ತಿರುಗಬೇಕು, ಗಾಡಿಯನ್ನು ಎಳೆಯಲೂ ಬೇಕು. ಆದುದರಿಂದ ಒಳಗೆ ಟೊಳ್ಳಾದ ಒಂದು ಸ್ಪಿಂಡಲ್ ಇರುತ್ತದೆ. ಅದು ತಿರುಗುವುದಿಲ್ಲ. ಅದರ ಟೊಳ್ಳಿನೊಳಗೆ ಎಳೆಯುವ ಶಾಫ್ಟು ತಿರುಗುತ್ತದೆ. ಅದರ ಮೇಲೆ, ಒಳಗೊಂದು ಹೊರಗೊಂದು ಹೀಗೆ ಎರಡು ಬೇರಿಂಗುಗಳ ಆಧಾರದಲ್ಲಿ, ಹಬ್ ತಿರುಗುತ್ತದೆ. ಹಿಂದೆ ಆಯಿಲ್ ಸೀಲು, ಮುಂದೆ ಎರಡು ದೊಡ್ಡ ನಟ್ಟು, ನಡುವೆ ಲಾಕ್ ವಾಶರು. ಕೆಲವು ಗಾಡಿಗಳ ತುದಿಯಲ್ಲಿ ಶಾಫ್ಟನ್ನೂ ಹಬ್ಬನ್ನೂ ಕೂಡಿಸುವ, ಬಿಡಿಸುವ ಲಾಕಿಂಗ್ ಹಬ್ ಇರುತ್ತದೆ. ಯುದ್ಧದಿಂದ ಉಳಿದ ಜೀಪುಗಳನ್ನು ಊರ ದಾರಿಗೆ ಒಗ್ಗಿಸಲು ಅಮೆರಿಕದ ಆರ್ಥರ್ ವಾರ್ನ್ 1948ರಲ್ಲಿ ತೆರೆದ ಕಂಪನಿಯಿಂದ ಇದು ಪ್ರಸಿದ್ಧಿಗೆ ಬಂತು.

ಈಗ ರೋಗಪರೀಕ್ಷೆ. ವೇಗ ಹೆಚ್ಚಿದಂತೆ ಏರುವ ಗುಂಯ್‌ಗುಡುವ ಸದ್ದು, ತಿರುವಿನಲ್ಲಿ ಬದಲಾದರೆ, ಬೇರಿಂಗಿನದಿರಬಹುದು. ಗಾಲಿಯನ್ನು ಎತ್ತಿ ನಿಲ್ಲಿಸಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿ. ಅಲುಗಿದರೆ ತಕ್ಷಣ ಬೇರಿಂಗೇ ಎನ್ನಬೇಡಿ. ಇನ್ನೊಬ್ಬನಿಗೆ ಬ್ರೇಕು ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ನನ್ನು ನೋಡಿರಿ. ಈ ಒಂದು ಪರೀಕ್ಷೆಯಿಂದ ಎಷ್ಟೋ ಬಡ ಗಾಡಿಯವರ ಹಣ ಉಳಿಯುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಅಡ್ಡ ಕೊಡಿರಿ. ಎತ್ತುವ ಮೊದಲೇ ಗಾಲಿಯ ನಟ್ಟುಗಳನ್ನು ಸಡಿಲಿಸಿರಿ. ಜ್ಯಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಅಚ್ಚಿನ ಕೆಳಗೆ ಘೋಡಿ ಇಡದೆ ಯಾರೂ ಕೆಳಗೆ ತಲೆ ಹಾಕಬಾರದು. ಡಿಸ್ಕ್ ಬ್ರೇಕಿದ್ದರೆ ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿರಿ; ಅದು ರಬ್ಬರು ನಳಿಗೆಯಲ್ಲಿ ಜೋತುಬೀಳಬಾರದು. ನಟ್ಟುಗಳಿಗೆ ಅವುಗಳದೇ ದೊಡ್ಡ ಸಾಕೆಟ್ಟು ಬೇಕು. ಉಳಿ, ಸುತ್ತಿಗೆಯಿಂದ ಹೊಡೆದು ಬಿಚ್ಚಿದ ನಟ್ಟು ಮತ್ತೆ ಸರಿಯಾಗಿ ಕೂರುವುದಿಲ್ಲ.

ಬಿಚ್ಚಿದುದನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ರೋಲರು ನೀಲಿಯಾಗಿದ್ದರೆ ಸುಟ್ಟಿದೆ. ಗುಳಿ ಬಿದ್ದಿದ್ದರೆ ಉಕ್ಕು ಎದ್ದಿದೆ. ಕಂದು ಕಲೆಯಿದ್ದರೆ ನೀರು ಹೊಕ್ಕಿದೆ. ಸ್ಪಿಂಡಲನ್ನೂ ಹೀಗೆಯೇ ನೋಡಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕಾಗಿದೆ. ಬೇರಿಂಗಿಗೆ ಎರಡು ಭಾಗ. ರೋಲರುಗಳಿರುವ ಕೋನು, ಹಬ್ಬಿನೊಳಗೆ ಕೂತಿರುವ ಕಪ್ಪು. ಎರಡೂ ಜೋಡಿ. ಕಪ್ಪು ತೆಗೆಯುವುದು ಕಷ್ಟವೆಂದು ಹಳೆಯ ಕಪ್ಪಿನ ಮೇಲೆ ಹೊಸ ಕೋನು ಕೂರಿಸಿದರೆ, ಹಳೆಯದರ ಗುಳಿ ಹೊಸದನ್ನೂ ತಿನ್ನುತ್ತದೆ. ನಾವು ಕಂಡ ಒಂದು ಗಾಡಿಗೆ ಒಂದೇ ವರ್ಷದಲ್ಲಿ ಮೂರು ಸಲ ಹೊರಗಿನ ಬೇರಿಂಗು ಹಾಕಿದ್ದರು. ಕಪ್ಪು ಹಳೆಯದು, ಸೀಲು ಹಳೆಯದು. ಕೆಲಸ ಮಾಡಿದ ಹುಡುಗನಿಗೆ ಅದು ತಿಳಿಯದ್ದಲ್ಲ; ‘ಸಂಜೆಯೊಳಗೆ ಗಾಡಿ ಹೋಗಬೇಕು’ ಎಂಬ ಅಪ್ಪಣೆಯೇ ಅವನ ಕೈ ಕಟ್ಟಿತ್ತು. ಕಪ್ಪನ್ನು ಹಿತ್ತಾಳೆಯ ಸರಳಿನಿಂದ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮೆಲ್ಲನೆ ಬಡಿದು ತೆಗೆಯಬೇಕು. ಹೊಸದನ್ನು ಕೂರಿಸುವಾಗ ಅದು ತಳ ಮುಟ್ಟಿದೊಡನೆ ಪೆಟ್ಟಿನ ದನಿ ಬದಲಾಗುತ್ತದೆ. ಆ ದನಿ ಕೇಳುವವರೆಗೆ ಬಿಡಬಾರದು.

ಗ್ರೀಸನ್ನು ಮೇಲೆ ಸವರಿದರೆ ಸಾಲದು. ಅಂಗೈಯಲ್ಲಿ ಗ್ರೀಸಿಟ್ಟು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತುತ್ತ ಹೋದರೆ, ರೋಲರುಗಳ ನಡುವಿನಿಂದ ಅದು ಮೇಲೆ ಹೊರಡುತ್ತದೆ. ಸುತ್ತಲೂ ಹೀಗೆ ತುಂಬಬೇಕು. ಬೇರೆ ಬೇರೆ ಜಾತಿಯ ಗ್ರೀಸು ಬೆರೆಸಬಾರದು; ಹಬ್ಬಿನ ಹೊಟ್ಟೆಯನ್ನೆಲ್ಲ ತುರುಕಬಾರದು, ಕಾವು ಹೆಚ್ಚುತ್ತದೆ. ಸೀಲು ಯಾವಾಗಲೂ ಹೊಸತೇ ಇರಲಿ.

ಇನ್ನು ಬಿಗಿ. ಈ ಕೆಲಸದ ಜೀವವೇ ಇದು. ಬಲವೇ ಗುಣವೆಂದು ತಿಳಿದು ನಟ್ಟನ್ನು ಎಳೆದು ಬಿಗಿದರೆ ಬೇರಿಂಗು ಸುಡುತ್ತದೆ. ಸಡಿಲ ಬಿಟ್ಟರೆ ಗಾಲಿ ತೂಗಾಡಿ ರೋಲರು ಒಡೆಯುತ್ತದೆ. ಗಾಲಿಯನ್ನು ತಿರುಗಿಸುತ್ತಲೇ ಮೊದಲು ಬಿಗಿಯಬೇಕು. ಜೀಪಿನ ಜಾತಿಯ ಎಷ್ಟೋ ಗಾಡಿಗಳಲ್ಲಿ ಇದು 50 ಫುಟ್-ಪೌಂಡಿನಷ್ಟು. ರೋಲರುಗಳು ತಮ್ಮ ಜಾಗದಲ್ಲಿ ಕೂತ ಮೇಲೆ ನಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು. ಎಷ್ಟು ಎಂಬುದನ್ನು ಆಯಾ ಗಾಡಿಯ ಪುಸ್ತಕ ಹೇಳುತ್ತದೆ. ಕೊನೆಗೆ ಉಳಿಯಬೇಕಾದ ಸಡಿಲು ಒಂದು ಅಂಗುಲದ ಸಾವಿರದಲ್ಲಿ ಕೆಲವೇ ಪಾಲು, ವೃತ್ತಪತ್ರಿಕೆಯ ಒಂದು ಹಾಳೆಯ ದಪ್ಪದಷ್ಟು. ಗಾಲಿ ಹಗುರಾಗಿ ತಿರುಗಬೇಕು, ಕೈಗೆ ಅಲುಗಾಟ ತಿಳಿಯಬಾರದು. ಆಮೇಲೆ ಲಾಕ್ ವಾಶರಿನ ಕಿವಿ ಮಡಿಚಿ, ಹೊರಗಿನ ನಟ್ಟು ಬಿಗಿದು, ಮತ್ತೊಮ್ಮೆ ಅಲುಗಿಸಿ ನೋಡಬೇಕು. ಹತ್ತು ಮೈಲಿ ಓಡಿಸಿ ತಂದು ಹಬ್ಬನ್ನು ಮುಟ್ಟಿರಿ. ಬೆಚ್ಚಗಿದ್ದರೆ ಸರಿ. ಕೈಯಿಡಲಾಗದಷ್ಟು ಸುಡುತ್ತಿದ್ದರೆ ಮತ್ತೆ ಬಿಚ್ಚಿರಿ, ನಾಚಿಕೆ ಬೇಡ. ಗಾಲಿಯ ನಟ್ಟುಗಳನ್ನೂ ಆಗ ಮತ್ತೆ ಬಿಗಿಯಿರಿ.

ನಮ್ಮ ಭಾಗದಲ್ಲಿ ಬೇರಿಂಗಿನ ದೊಡ್ಡ ವೈರಿ ನೀರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಸುರಿದಾಗ ಕಲ್ಯಾಣ, ಬದಲಾಪುರಗಳ ಕಡೆಗೂ ಉಲ್ಹಾಸ ನದಿ ಉಕ್ಕಿ ಬಂದುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಓಡಿ ಕಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಹೀರುತ್ತದೆ. ಎರಡು ವಾರ ಏನೂ ತೋರುವುದಿಲ್ಲ. ತುಕ್ಕು ಮಾತ್ರ ಒಳಗೇ ಬೆಳೆಯುತ್ತಿರುತ್ತದೆ. ಹಬ್ ಮುಳುಗುವಷ್ಟು ನೀರಿನಲ್ಲಿ ನಿಂತ ಗಾಡಿಯನ್ನು ಬಿಚ್ಚಿ ನೋಡದೆ ಘಾಟಿಗೆ ಬಿಡಬಾರದು.

ಹೊಸ ಗಾಡಿಗಳಲ್ಲಿ ಹಬ್, ಬೇರಿಂಗು ಒಂದೇ ಮುಚ್ಚಿದ ಗಡ್ಡೆಯಾಗಿ ಬರುತ್ತವೆ. ಅದಕ್ಕೆ ಗ್ರೀಸೂ ಇಲ್ಲ, ಹೊಂದಾಣಿಕೆಯೂ ಇಲ್ಲ. ಕೆಟ್ಟರೆ ಇಡಿಯಾಗಿ ಬದಲಿಸಬೇಕು. ಆದರೆ ನಡುವಿನ ನಟ್ಟಿಗೆ ಹೇಳಿದಷ್ಟು ಬಿಗಿ ಕೊಡದೆ ಗಾಡಿಯನ್ನು ನೆಲಕ್ಕಿಳಿಸಿ ನೂಕಿದರೆ ಅದೂ ಕೆಡುತ್ತದೆ. ಪೇಟೆಯಲ್ಲಿ ಹೆಸರಾಂತ ಕಂಪನಿಗಳ ಪೆಟ್ಟಿಗೆಯಲ್ಲಿ ನಕಲಿ ಮಾಲು ಮಾರುವವರಿದ್ದಾರೆ. ಬಿಲ್ಲು ಕೇಳಿ ತೆಗೆದುಕೊಳ್ಳಿರಿ.

ಬಂಧುಗಳೆ, ಈ ಕೆಲಸಕ್ಕೆ ಬೇಕಾದುದು ಮೂರು: ಸರಿಯಾದ ಹತ್ಯಾರ, ಘೋಡಿ, ಸಮಯ. ಇವನ್ನು ಒದಗಿಸುವುದು ಮಾಲಕರ ಹೊಣೆ. ಸಮಯ ಕೊಡದೆ ಕೆಲಸ ಕೇಳಿದರೆ, ‘ಕಪ್ಪು ಬದಲಿಸದೆ ಗಾಡಿ ಬಿಡಲಾರೆ’ ಎಂದು ಹೇಳುವ ಧೈರ್ಯ ನಮ್ಮ ಹುಡುಗನಿಗೆ ಬರಬೇಕು. ಒಬ್ಬನೇ ಹೇಳಿದರೆ ಕೆಲಸ ಹೋಗುವ ಭಯ. ಗ್ಯಾರೇಜಿನ ಎಲ್ಲರೂ ಹೇಳಿದರೆ ಅದು ಅಲ್ಲಿಯ ಪದ್ಧತಿಯಾಗುತ್ತದೆ. ಅಂತಹ ಮಾತಿಗೆ ಬಲ ಕೊಡುವುದು ತಿಳಿವಳಿಕೆ. ಠಾಣೆ, ಅಂಬರನಾಥಗಳಲ್ಲಿ ಐ.ಟಿ.ಐ.ಗಳಿವೆ. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಸ್ಟೈಪೆಂಡು ಪಡೆದು ಕಲಿಯುವ ದಾರಿಯೂ ಇದೆ. ಹೋಟೆಲಿನಲ್ಲಿ ದುಡಿಯುತ್ತಲೇ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಊರು ಈ ಮುಂಬಯಿ. ನಿಮ್ಮ ಮನೆಯ ಹುಡುಗನನ್ನು ಗ್ಯಾರೇಜಿಗೆ ಕಳುಹಿಸುವ ಮುನ್ನ ಈ ದಾರಿಯನ್ನೂ ವಿಚಾರಿಸಿ ನೋಡಿರಿ ಎಂದು ಕೇಳಿಕೊಳ್ಳುತ್ತೇವೆ.